ಕೆಲಸ ಸಿಗದ ಅಂಕಿಗಳು

ಮದುವೆಮನೆಯಲ್ಲಿ ಯಾವ ಕೆಲಸಕ್ಕೂ ಬಾರದವನಿಗೆ ಮುಯ್ಯಿ ಬರೆಯುವ ಕೆಲಸ ಕೊಡುತ್ತಾರೆ. ಬಡಿಸಲು ಹೋದರೆ ಸಾರು ಚೆಲ್ಲುತ್ತೇನೆ, ಬಾಗಿಲಲ್ಲಿ ನಿಂತರೆ ನೆಂಟರ ಗುರುತು ಹಿಡಿಯುವುದಿಲ್ಲ. ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ ಕುಣಿಗಲ್‌ನ ಛತ್ರವೊಂದರಲ್ಲಿ ನನ್ನನ್ನು ಉದ್ದನೆಯ ನೋಟ್‌ಬುಕ್ಕಿನ ಮುಂದೆ ಕೂರಿಸಿದರು. ದುಡ್ಡು ಎಣಿಸಿಕೊಳ್ಳಲು ಪಕ್ಕದಲ್ಲಿ ಚಿಕ್ಕಪ್ಪ.

ನೂರಾ ಒಂದು. ಐನೂರಾ ಒಂದು. ಇನ್ನೂರಾ ಒಂದು. ಮತ್ತೆ ನೂರಾ ಒಂದು. ಎರಡು ಗಂಟೆ ಬರೆದ ಮೇಲೆ ನೋಡುತ್ತೇನೆ, ಪುಟದ ತುಂಬ 0, 1, 2, 5 ಮಾತ್ರ. ಮಿಕ್ಕ ಆರು ಅಂಕಿಗಳು ಈ ಮದುವೆಗೆ ಬಂದೇ ಇರಲಿಲ್ಲ.

"ಚಿಕ್ಕಪ್ಪ, ಯಾರೂ ಏಳು ಕೊಡೋದೇ ಇಲ್ವಲ್ಲ?"

"ಏಳು ಅಂದ್ರೆ ಎದ್ದೋಗು ಅಂತ ಕಣಯ್ಯ. ಊಟಕ್ಕೆ ಬಂದೋರಿಗೆ ಹಂಗಂತಾರಾ?"

"ಎಂಟು?"

"ಅದು ಶನಿದು."

"ನಾಲ್ಕು?"

"ನಾಲ್ಕು ರೂಪಾಯಿ ನೋಟು ಎಲ್ಲಾದ್ರೂ ಐತಾ? ಸುಮ್ನೆ ಬರಿ."

ಚಿಕ್ಕಪ್ಪ ಹೇಳಿದ್ದು ಸರಿ. ನಮ್ಮ ನಾಣ್ಯ, ನೋಟುಗಳ ಮೌಲ್ಯದಲ್ಲಿ ಒಂದು, ಎರಡು, ಐದು ಬಿಟ್ಟರೆ ಸೊನ್ನೆಯೇ. ಹಿಂದೆ ಹೀಗಿರಲಿಲ್ಲ. 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ ಹದಿನಾರಾಣೆ. ನಾಲ್ಕಾಣೆ, ಎಂಟಾಣೆಗಳು ಮರ್ಯಾದೆಯಿಂದ ಬಾಳಿದವು. ಮೂರಕ್ಕೂ 1964ರಲ್ಲಿ ಕೆಲಸ ಸಿಕ್ಕಿತ್ತು: ಆರು ಮೂಲೆಯ, ಊದಿದರೆ ಹಾರುವಂಥ ಮೂರು ಪೈಸೆಯ ಅಲ್ಯುಮಿನಿಯಂ ನಾಣ್ಯ. ಕೊನೆಗೆ 2011ರ ಜೂನ್ 30ಕ್ಕೆ ಇಪ್ಪತ್ತೈದು ಪೈಸೆ ಚಲಾವಣೆ ತಪ್ಪಿ ನಾಲ್ಕಾಣೆ ಎಂಬ ಹೆಸರೂ ಅನಾಥವಾಯಿತು.

ದುಡ್ಡಿನದು ಹಾಗಿರಲಿ, ವಯಸ್ಸಿನದೂ ಇದೇ ಕತೆ. ನಮ್ಮ ದೇಶದ ಜನಗಣತಿಯಲ್ಲಿ ಸೊನ್ನೆ, ಐದರಲ್ಲಿ ಮುಗಿಯುವ ವಯಸ್ಸಿನವರು ರಾಶಿ ರಾಶಿ ಸಿಗುತ್ತಾರೆ. ಯಾರನ್ನು ಕೇಳಿದರೂ ನಲವತ್ತೈದು, ಐವತ್ತು. ನಮ್ಮಜ್ಜಿಗೂ ಅರವತ್ತಾಗಿತ್ತು, ಆಮೇಲೆ ಒಂದು ದಿನ ಎಪ್ಪತ್ತಾಯಿತು. ನಡುವಿನ ವರ್ಷಗಳಲ್ಲಿ ಅವಳು ಯಾವ ವಯಸ್ಸಿನಲ್ಲಿದ್ದಳೋ ಅವಳಿಗೂ ತಿಳಿಯದು. ತುಮಕೂರಿನವರು ವರ್ಷ ತಪ್ಪದೆ ಲೆಕ್ಕವಿಟ್ಟದ್ದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ವಯಸ್ಸನ್ನು. 2019ರ ಜನವರಿಯಲ್ಲಿ ಅವರು ಲಿಂಗೈಕ್ಯರಾದಾಗ ಅದು 111. ಅಲ್ಲಿಯೂ ಒಂದೇ ಮೂರು ಸಲ ನಿಂತಿತ್ತು.

ಈ ಒಂದರ ದರ್ಬಾರನ್ನು ಕಂಡುಹಿಡಿದವನು ನಾನಲ್ಲ. ಪಿಯುಸಿಯಲ್ಲಿ ನಮಗಿದ್ದ ಕ್ಲಾರ್ಕ್ ಲಾಗ್ ಟೇಬಲ್ಲಿನಲ್ಲಿ ಒಂದರಿಂದ ಶುರುವಾಗುವ ಸಂಖ್ಯೆಗಳಿದ್ದ ಮೊದಲ ಪುಟಗಳು ಕೈಯಾಡಿ ಕಪ್ಪಾಗಿದ್ದವು, ಮುಂದಿನವು ಹೊಸ ಸೊಸೆಯ ಹಾಗೆ ಮುದುಡಿ ಕೂತಿದ್ದವು. ಇದನ್ನೇ ಅಮೆರಿಕದ ಖಗೋಳಜ್ಞ ಸೈಮನ್ ನ್ಯೂಕಂಬ್ 1881ರಲ್ಲಿ ಗಮನಿಸಿದ. 1938ರಲ್ಲಿ ಫ್ರಾಂಕ್ ಬೆನ್‌ಫರ್ಡ್ ನದಿ, ಜನಸಂಖ್ಯೆ ಎಂದು ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಂಖ್ಯೆ ಗುಡ್ಡೆಹಾಕಿ ಹೇಳಿದ: ಇಂಥ ನೂರು ಸಂಖ್ಯೆಗಳಲ್ಲಿ ಸುಮಾರು ಮೂವತ್ತು 1ರಿಂದ ಶುರುವಾಗುತ್ತವೆ, 9ರಿಂದ ಶುರುವಾಗುವವು ಐದೂ ಇಲ್ಲ. ಕಾರಣ ಸೈಟು ಕೊಂಡವರಿಗೆ ಗೊತ್ತು. ಒಂದು ಲಕ್ಷದ ಸೈಟು ಎರಡಾಗಲು ಬೆಲೆ ದುಪ್ಪಟ್ಟಾಗಬೇಕು. ಒಂಬತ್ತು ಲಕ್ಷದ್ದು ಹತ್ತಾಗಲು ಬ್ರೋಕರು ಒಂದು ಸಲ ಕೆಮ್ಮಿದರೆ ಸಾಕು. ಸಂಖ್ಯೆಗಳು ಒಂದರ ಮನೆಯಲ್ಲೇ ಹೆಚ್ಚು ದಿನ ಠಿಕಾಣಿ ಹೂಡುತ್ತವೆ.

ಆದರೆ ಒಂದು ಕಡೆ ಕೆಲಸ ಕಳೆದುಕೊಂಡ ಅಂಕಿ ಇನ್ನೊಂದು ಕಡೆ ಸೇರಿಕೊಂಡಿರುತ್ತದೆ. ಅಂಗಡಿಯಲ್ಲಿ ಬೆಲೆಯಿಲ್ಲದ ನಾಲ್ಕಕ್ಕೆ ಮಾತಿನಲ್ಲಿ ಭಾರಿ ಬೇಡಿಕೆ: ನಾಲ್ಕು ಕಾಸು, ನಾಲ್ಕು ಮಾತು, ನಾಲ್ಕು ಜನ ಏನಂದುಕೊಳ್ಳುತ್ತಾರೋ. ನಮ್ಮ ಪಿನ್‌ಕೋಡುಗಳನ್ನೇ ನೋಡಿ: ತುಮಕೂರು 572101, ಗುಬ್ಬಿ 572216, ಕುಣಿಗಲ್ 572130. ಮೂರರಲ್ಲೂ ಹುಡುಕಿದರೆ 4, 8, 9 ಇಲ್ಲ. ಅಂಚೆಯವರು ಕೈಬಿಟ್ಟ ಈ ಮೂವರನ್ನೇ ಬಿಎಸ್‌ಎನ್‌ಎಲ್ ಕರೆದು ಕರ್ನಾಟಕದ ಮೊಬೈಲಿಗೆ 9448 ಎಂದು ಮುಂದೆ ನಿಲ್ಲಿಸಿತು.

ಇಷ್ಟು ಯೋಚಿಸುವ ಹೊತ್ತಿಗೆ ಗುಬ್ಬಿಯ ಸೋದರತ್ತೆ ಮೇಜಿನ ಮುಂದೆ ನಿಂತಿದ್ದಳು. ಸೆರಗಿನ ಗಂಟು ಬಿಚ್ಚಿ ಐವತ್ತರದೊಂದು, ಇಪ್ಪತ್ತರದೊಂದು, ಹತ್ತರದೊಂದು ನೋಟು, ಮೇಲೆ ಚಿಲ್ಲರೆ ಸುರಿದಳು. ಚಿಕ್ಕಪ್ಪ ಎಣಿಸಿ ತಡವರಿಸಿದರು. ಎಂಬತ್ತೇಳು. ಶನಿಯೂ ಎದ್ದೋಗುವುದೂ ಜೊತೆಯಾಗಿಯೇ ಬಂದಿದ್ದವು.

"ಬಸ್ಸಿಗೆ ಅಂತ ಇಟ್ಟಿದ್ದೂ ಸೇರೈತೆ ಕಣೋ. ಆಧಾರ್ ತೋರಿಸಿದ್ರೆ ಸೊನ್ನೆ ಟಿಕೇಟು ಕೊಡ್ತಾರೆ" ಎಂದಳು.

"ಅಕ್ಕ, ಹದಿನಾಲ್ಕು ನಾನು ಹಾಕ್ತೀನಿ. ನೂರಾ ಒಂದು ಅಂತ ಬರೆಸ್ಲಾ?"

"ನಿನ್ ದುಡ್ಡು ನನ್ ಹೆಸರಲ್ಲಿ ಯಾಕೋ? ನಾಳೆ ನನ್ ಮೊಮ್ಮಗಳ ಮದುವೇಲಿ ನೂರಾ ಒಂದು ಅಂತ ಮುಯ್ಯಿ ತೀರಿಸೋಕೆ ಬರ್ತೀಯಲ್ಲ, ಆ ಹದಿನಾಲ್ಕು ಯಾರದ್ದು ಅಂತ ಹೇಳ್ಲಿ? ಮಗಾ, ಇದ್ದಂಗೆ ಬರ್ಕೊ."

ಬರೆದೆ. ಎರಡು ಗಂಟೆಯಿಂದ ಅಭ್ಯಾಸ ತಪ್ಪಿದ್ದ ಪೆನ್ನು ಎಂಟನ್ನು ಸುತ್ತುವಾಗ ಕೊಂಚ ಎಡವಿತು.

ರಾತ್ರಿ ಚಿಕ್ಕಪ್ಪ ಮೂರು ಸಲ ಕೂಡಿದರೂ ನೋಟ್‌ಬುಕ್ಕಿಗಿಂತ ಪೆಟ್ಟಿಗೆಯಲ್ಲೇ ದುಡ್ಡು ಹೆಚ್ಚಿತ್ತು. ನಾಲ್ಕನೆಯ ಸಲ ನಾನು ಪಕ್ಕದಲ್ಲಿ ಕೂತು ಕಿವಿಗೊಟ್ಟೆ. ಗಟ್ಟಿಯಾಗಿ ಓದುತ್ತ ಬಂದವರು ಅತ್ತೆಯ ಹೆಸರು ಬಂದಾಗ ಗಂಟಲು ಸರಿಮಾಡಿಕೊಂಡು, ಅಂಕಿ ಹೇಳದೆ, ಮುಂದಿನ ನೂರಾ ಒಂದಕ್ಕೆ ಹೋದರು.