ತುರಿಕೆಗೆ ಇಷ್ಟು ಮರ್ಯಾದೆ ಯಾಕೆ?

ಹೊಟ್ಟೆನೋವು ಬಂದರೆ ಅದು ನಿಮ್ಮ ಸ್ವಂತ ಆಸ್ತಿ. ಮೈಮೇಲೆ ಎರಡು ಕೆಂಪು ದದ್ದು ಎದ್ದವೋ, ಅವು ಸಾರ್ವಜನಿಕ ಸ್ವತ್ತು! ಹಾಲಿನವನು ‘ಪಿತ್ತ ಸಾರ್’ ಎಂದು ತೀರ್ಪು ಕೊಡುತ್ತಾನೆ. ಲಿಫ್ಟಿನಲ್ಲಿ ಸಿಕ್ಕ ಮೇಲಿನ ಮನೆಯಾಕೆ ‘ಉಷ್ಣ, ಎಳನೀರು ಕುಡೀರಿ’ ಎನ್ನುತ್ತಾರೆ. ದೂರದೂರಿನ ಅತ್ತೆಯಂತೂ ಕಣ್ಣಲ್ಲಿ ನೋಡದೆ ಫೋನಿನಲ್ಲೇ ಪತ್ತೆ ಹಚ್ಚುತ್ತಾರೆ: ‘ಬದನೆಕಾಯಿ ತಿಂದಿರ್ಬೇಕು. ನಂಜು!’ ಪಾಪದ ಬದನೆಕಾಯಿ, ನಮ್ಮ ನಾಡಿನಲ್ಲಿ ಚರ್ಮದ ಕೇಸು ಯಾವುದೇ ಇರಲಿ, ಮೊದಲನೇ ಆರೋಪಿ ಅದೇ.

ಇಷ್ಟೆಲ್ಲ ತಜ್ಞರಿದ್ದೂ ನೀವು ಹೋಗುವುದು ಮೆಡಿಕಲ್ ಶಾಪಿಗೆ. ಕೌಂಟರಿನ ಮೇಲೆ ತೋಳು ಚಾಚುತ್ತೀರಿ. ಆತ ಇನ್ನೊಬ್ಬರಿಗೆ ಚಿಲ್ಲರೆ ಎಣಿಸುತ್ತಲೇ ಓರೆಗಣ್ಣಲ್ಲಿ ನೋಡಿ ಒಂದು ಟ್ಯೂಬ್ ಮುಂದಿಡುತ್ತಾನೆ. ಅದರೊಳಗೆ ಶಿಲೀಂಧ್ರಕ್ಕೊಂದು ಮದ್ದು, ಬ್ಯಾಕ್ಟೀರಿಯಕ್ಕೊಂದು ಮದ್ದು, ಮೇಲೊಂದು ಸ್ಟೀರಾಯ್ಡ್. ಯಾವುದಾದರೊಂದು ತಗುಲೀತು ಎಂಬ ಲೆಕ್ಕ. ಎರಡೇ ದಿನಕ್ಕೆ ತುರಿಕೆ ಇಳಿಯುತ್ತದೆ, ನೀವು ಆತನಿಗೆ ಕೈ ಮುಗಿಯುತ್ತೀರಿ. ದದ್ದು ಗಜಕರ್ಣದ್ದಾಗಿದ್ದರೋ, ಅದು ಸ್ಟೀರಾಯ್ಡಿನ ಮರೆಯಲ್ಲಿ ತೋಳಿನಿಂದ ಹೆಗಲಿಗೆ ಆರಾಮಾಗಿ ಹಬ್ಬುತ್ತಿರುತ್ತದೆ. ಉಂಗುರದಂಥ ಅದರ ಗುರುತೂ ಅಳಿಸಿಹೋಗಿ, ಕೊನೆಗೆ ಡಾಕ್ಟರೇ ತಬ್ಬಿಬ್ಬು. ಸ್ಟೀರಾಯ್ಡಿರುವ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಬಿಗಿ ಮಾಡಿತು. ಆದರೆ ಕೊಳ್ಳುವ ನಿಮಗೇ ಚೀಟಿ ಬೇಡವಲ್ಲ!

ನನ್ನ ತಕರಾರಿರುವುದು ನಿಮ್ಮ ತುರಿಕೆಭಕ್ತಿಯ ಮೇಲೆ. ತುರಿಸಿದರೆ ಕಾಯಿಲೆ, ತುರಿಸದಿದ್ದರೆ ‘ಇರ್ಲಿ ಬಿಡಿ’. ಬೇಸಿಗೆಯ ಬೆವರುಸಾಲೆ, ಸೊಳ್ಳೆ ಕಡಿತ ಎಷ್ಟು ಗಲಾಟೆ ಮಾಡಿದರೂ ಬಹುಪಾಲು ತಾವಾಗಿ ಬಂದು ತಾವಾಗಿ ಹೋಗುವಂಥವು. ಪಿತ್ತದ ಗಂಧೆಯೂ ಸಾಮಾನ್ಯವಾಗಿ ಹಾಗೇ: ಬೆಳಿಗ್ಗೆ ಬೆನ್ನಲ್ಲಿ, ಮಧ್ಯಾಹ್ನ ತೊಡೆಯಲ್ಲಿ, ಸಂಜೆಗೆ ನಾಪತ್ತೆ. ಮಲೆನಾಡಿನವರು ಮುರುಗಲ ಹಣ್ಣಿನ ಪಾನಕ ಕುಡಿದು ಅದರಿಂದಲೇ ಹೋಯಿತು ಎನ್ನುತ್ತಾರೆ. ಕುಡಿಯಲಿ, ರುಚಿಯಾಗಿರುತ್ತದೆ. ಗಂಧೆಯ ಜೊತೆ ತುಟಿ, ನಾಲಿಗೆ ಊದಿ ಉಸಿರು ಕಟ್ಟತೊಡಗಿದರೆ ಮಾತ್ರ ಲೋಟ ಕೆಳಗಿಟ್ಟು 108ಕ್ಕೆ ಫೋನ್ ಮಾಡಿ. ಮನೆಮಂದಿಯೆಲ್ಲ ರಾತ್ರಿ ಒಟ್ಟೊಟ್ಟಿಗೆ ಕೆರೆದುಕೊಳ್ಳತೊಡಗಿದರೆ ಕಜ್ಜಿಯ ಹುಳುವಿನ ಮೇಲೆ ಅನುಮಾನ ಪಡಿ. ಹಾಗಿದ್ದರೆ ‘ನನಗೇನಿಲ್ಲಪ್ಪ’ ಎನ್ನುವ ಯಜಮಾನರೂ ಸೇರಿ ಎಲ್ಲರೂ ಒಟ್ಟಿಗೇ ಮದ್ದು ಹಚ್ಚಬೇಕು.

ಸರ್ಪಸುತ್ತಿನದು ಬೇರೆಯೇ ನಾಟಕ. ಮೊದಲು ಪಕ್ಕೆಯಲ್ಲಿ ಉರಿ, ಚುಚ್ಚು. ‘ವಾಯು’ ಎಂದು ಓಮದ ನೀರು ಕುಡಿಯುತ್ತೀರಿ. ಕೆಲವು ದಿನಕ್ಕೆ ಅಲ್ಲೇ ಗೊಂಚಲು ಗೊಂಚಲಾಗಿ ನೀರ್ಗುಳ್ಳೆ. ಆಗ ಶುರು, ‘ಹಾವಿನ ತಲೆ-ಬಾಲ ಕೂಡಿದರೆ ಗತಿ ಏನು?’ ಹೆದರಬೇಡಿ, ಅದು ಸಾಮಾನ್ಯವಾಗಿ ಕೂಡುವುದಿಲ್ಲ. ಎಂದೋ ಅಮ್ಮ ಎದ್ದಾಗ ನರದ ಬುಡದಲ್ಲಿ ಮಲಗಿದ್ದ ವೈರಸ್ಸೇ ಈಗ ಎದ್ದು ಬಂದಿರುವುದು. ಆ ನರದ ಸರಹದ್ದು ಅರ್ಧ ಮೈಗೆ ಮಾತ್ರ, ನಡುಗೆರೆ ದಾಟಲು ಹಾವಿಗೆ ಪರ್ಮಿಟ್ಟಿಲ್ಲ. ಆದರೆ ಕೆಮ್ಮಣ್ಣು ಬಳಿಯುವವರನ್ನು ಹುಡುಕಿಕೊಂಡು ಊರೂರು ಅಲೆಯುವಷ್ಟರಲ್ಲಿ ಒಂದು ಮುಖ್ಯ ಗಡುವು ಮುಗಿದಿರುತ್ತದೆ. ವೈರಸ್ಸಿನ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯೋಗ. ಗುಳ್ಳೆ ಮೂಗಿನ ತುದಿಯಲ್ಲೋ ಕಣ್ಣಿನ ಸುತ್ತಲೋ ಕಂಡರೆ ದೃಷ್ಟಿಗೇ ಅಪಾಯ, ಅದೇ ದಿನ ಕಣ್ಣಿನ ಡಾಕ್ಟರ್ ಬಳಿಗೆ.

ನಿಜವಾದ ಕಳ್ಳರು ಸದ್ದು ಮಾಡುವುದಿಲ್ಲ. ಬೆನ್ನಲ್ಲೊಂದು ತಿಳಿಬಣ್ಣದ ಮಚ್ಚೆ: ತುರಿಕೆಯಿಲ್ಲ, ನೋವಿಲ್ಲ, ಸೂಜಿ ತಾಗಿಸಿದರೂ ತಿಳಿಯುವುದಿಲ್ಲ. ‘ಏನೂ ತೊಂದರೆ ಕೊಡ್ತಿಲ್ಲ’ ಎಂದು ನೀವು ಮೆಚ್ಚಿಕೊಳ್ಳುವ ಆ ಮಚ್ಚೆ ಕುಷ್ಠದ್ದಿರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ, 6 ಅಥವಾ 12 ತಿಂಗಳಲ್ಲಿ ಗುಣ. ಜ್ವರದ ಜೊತೆ ಸಣ್ಣ ಕೆಂಪು-ನೇರಳೆ ಚುಕ್ಕಿ ಬಂದರೆ ಗಾಜಿನ ಲೋಟ ಒತ್ತಿ ನೋಡಿ. ಬಣ್ಣ ಮಾಸದೆ ಹಾಗೇ ಉಳಿದರೆ ಚರ್ಮದೊಳಗೆ ರಕ್ತ ಒಸರಿದೆ ಎಂದರ್ಥ. ಡೆಂಗಿ ಇದ್ದೀತು, ಅದಕ್ಕಿಂತ ಕೆಟ್ಟದ್ದೂ ಇದ್ದೀತು. ನಮ್ಮ ಎಣ್ಣೆಗಪ್ಪು ಮೈಯಲ್ಲಿ ಇವು ಸುಲಭಕ್ಕೆ ಕಾಣವು. ಅಂಗೈ, ಅಂಗಾಲು, ಕಣ್ಣರೆಪ್ಪೆಯ ಒಳಗನ್ನೂ ನೋಡಿ. ಫಿಟ್ಸಿಗೋ ಕೀಲುನೋವಿಗೋ ಹೊಸ ಮಾತ್ರೆ ಶುರುಮಾಡಿದ ಕೆಲ ವಾರಗಳಲ್ಲಿ ಮೈ ಉರಿದು, ಬಾಯಿ ಹುಣ್ಣಾಗಿ, ಕಣ್ಣು ಕೆಂಪಾಗಿ, ಚರ್ಮ ಸುಲಿಯತೊಡಗಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಮಾತ್ರೆಯ ಪಟ್ಟಿ ಹಿಡಿದೇ ಆಸ್ಪತ್ರೆಗೆ ಓಡಬೇಕು.

ಹೋಗುವಾಗ ಇನ್ನೊಂದು ಉಪಕಾರ ಮಾಡಿ. ಡಾಕ್ಟರ್ ಮೊದಲು ಕೇಳುವುದು, ‘ಏನೇನು ಹಚ್ಚಿದ್ರಿ?’ ಅರಿಶಿನ, ಬೇವು, ಅತ್ತೆಯ ಕೊಬ್ಬರಿಎಣ್ಣೆ, ಮೆಡಿಕಲ್ ಶಾಪಿನ ಟ್ಯೂಬ್, ಅದರ ಮೇಲೆ ಗುಲಾಬಿ ಬಣ್ಣದ ಕ್ಯಾಲಮೈನ್. ಇಷ್ಟರ ಅಡಿಯಲ್ಲಿ ದದ್ದು ಎಲ್ಲಿದೆಯೆಂದು ಅವರು ಹುಡುಕಬೇಕು. ಮೊದಲ ದಿನವೇ ಒಂದು ಫೋಟೊ ತೆಗೆದಿಡಿ. ಹಚ್ಚಿದ್ದನ್ನು ತೊಳೆದುಕೊಂಡು, ಟ್ಯೂಬನ್ನು ಜೇಬಿಗೆ ಹಾಕಿಕೊಂಡು ಹೋಗಿ. ಬದನೆಕಾಯಿಯ ವಿಷಯ ಅವರೇ ಕೇಳಿದರೆ ಹೇಳಿದರಾಯಿತು.