ರಾಡಿಯ ಕೋಟೆ, ಪ್ಲಾಸ್ಟರಿನ ಪಡೆ

ದೀಪಾವಳಿ ಕಿಲ್ಲೆ ಎಂದರೆ ಬೆಳಗಾವಿ ನಗರದಲ್ಲೂ ಗಡಿಯ ಊರುಗಳಲ್ಲೂ ಹುಡುಗರು ಅಂಗಳದ ಮೂಲೆಯಲ್ಲಿ ಕಟ್ಟುವ ಮಣ್ಣಿನ ಕೋಟೆ. ಅದು ಮೊಳಕಾಲೆತ್ತರ ಇದ್ದರೆ ಮನೆಯದು, ಆಳೆತ್ತರ ಇದ್ದರೆ ಓಣಿಯ ಮಂಡಳದ್ದು. ನಿಜವಾದ ಕೋಟೆ ಬೇಕೆಂದರೆ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನಲ್ಲೇ ವಲ್ಲಭಗಡವಿದೆ. ಘಟಪ್ರಭೆಯ ದಂಡೆಯ ದಡ್ಡಿಯಿಂದ ಗಡಿ ದಾಟಿದರೆ ಮಹಾರಾಷ್ಟ್ರದ ಗಡಹಿಂಗ್ಲಜ ಸೀಮೆಯ ಸಾಮಾನಗಡವೂ ದೂರವಲ್ಲ. ಆದರೆ ಹುಡುಗರ ಮನಸ್ಸು ಸಾಮಾನ್ಯವಾಗಿ ಕಣ್ಣೆದುರಿನ ಗಡದ ಮೇಲಲ್ಲ, ಕ್ಯಾಲೆಂಡರಿನ ರಾಯಗಡದ ಮೇಲೆ. 1674ರಲ್ಲಿ ಶಿವಾಜಿಯ ಪಟ್ಟಾಭಿಷೇಕ ನಡೆದದ್ದು ಅಲ್ಲಿ. ಸಿಂಹಾಸನವಿಲ್ಲದ ಕೋಟೆ ಕಟ್ಟಿ ಕಿಲ್ಲೆ ಸ್ಪರ್ಧೆಯಲ್ಲಿ ಗೆಲ್ಲುವುದು ಕಷ್ಟ.

ಮೊದಲು ಒಡೆದ ಇಟ್ಟಿಗೆ, ಕಲ್ಲು, ಹಳೆಯ ಡಬ್ಬಿಗಳ ಗುಡ್ಡೆ ಬೀಳುತ್ತದೆ. ಅದರ ಮೇಲೆ ರಾಡಿಯಲ್ಲಿ ಅದ್ದಿದ ಗೋಣಿತಟ್ಟು ಹೊದಿಸಿದರೆ ಮಡಿಕೆಗಳೇ ಕಣಿವೆಗಳಾಗುತ್ತವೆ. ಬುರುಜು, ಮಹಾದ್ವಾರ, ಮೆಟ್ಟಿಲು ಆಮೇಲೆ. ಹುಲ್ಲಿಗಾಗಿ ಸಾಸಿವೆ ಅಥವಾ ಅಳ್ವಿ ಚೆಲ್ಲುವುದುಂಟು. ಅಳ್ವಿಯ ಬೀಜ ನೆನೆದರೆ ಲೋಳೆ ಬಿಟ್ಟು ಇಳಿಜಾರಿಗೂ ಅಂಟಿಕೊಳ್ಳುತ್ತದೆ. ಸಾಸಿವೆ ಉರುಳಿ ಕೆಳಗೆ ಸೇರಿ, ಕೋಟೆ ಬೋಳಾಗಿ ಕಂದಕ ಮಾತ್ರ ಹಸಿರಾಗುತ್ತದೆ. ಹಬ್ಬಕ್ಕೆ ನಾಲ್ಕೈದು ದಿನ ಮುಂಚೆಯೇ ಬಿತ್ತಬೇಕೆಂಬುದು ಎಲ್ಲರಿಗೂ ಗೊತ್ತಿರುತ್ತದೆ, ನೆನಪಾಗುವುದು ಹಿಂದಿನ ರಾತ್ರಿ. ಆಗ ಬಣ್ಣ ಹಾಕಿದ ಕಟ್ಟಿಗೆ ಹೊಟ್ಟು ಮರ್ಯಾದೆ ಉಳಿಸುತ್ತದೆ.

ಕೋಟೆ ಮನೆಯದಾದರೂ ಸೈನ್ಯ ಪೇಟೆಯದು. ಶಿವಾಜಿ, ಭಾಲೆ ಹಿಡಿದ ಮಾವಳೆಯರೆಂಬ ಅವನ ಕಾಲಾಳುಗಳು, ತೋಪು, ಆನೆ ಮೊದಲು ಮಣ್ಣಿನವಿದ್ದವು. ಈಗ ಬಹುತೇಕ ಪ್ಲಾಸ್ಟರ್ ಆಫ್ ಪ್ಯಾರಿಸ್‌ನವು. ಜಿಪ್ಸಮ್ ಕಲ್ಲನ್ನು ಸುಮಾರು 150 ಡಿಗ್ರಿಗೆ ಕಾಯಿಸಿದರೆ ಒಳಗಿನ ನೀರಿನ ಮುಕ್ಕಾಲು ಪಾಲು ಹೋಗಿ ಬಿಳಿಯ ಪುಡಿಯಾಗುತ್ತದೆ. ಮತ್ತೆ ನೀರು ಕೊಟ್ಟರೆ ಕಳೆದುಕೊಂಡದ್ದನ್ನು ಹೀರಿಕೊಂಡು, ಬೆಚ್ಚಗಾಗುತ್ತ, ಕಲ್ಲಾಗಿ ಕೂರುತ್ತದೆ. ಪುಡಿಯನ್ನು ನೀರಿಗೆ ಉದುರಿಸಬೇಕು, ನೀರನ್ನು ಪುಡಿಗೆ ಸುರಿಯಬಾರದು, ಸುರಿದರೆ ಗಂಟು. ಅಚ್ಚಿಗೆ ಹೊಯ್ದ ಮೇಲೆ ತಟ್ಟಿ ಗುಳ್ಳೆ ಬಿಡಿಸದಿದ್ದರೆ ಮೂಗಿಲ್ಲದ ಸರದಾರ ಹುಟ್ಟುತ್ತಾನೆ. ಮೀಸೆಯದು ಇನ್ನೊಂದು ಕಥೆ. ರಾಶಿ ಗೊಂಬೆಗಳಿಗೆ ಒಂದೇ ಬೀಸಿನಲ್ಲಿ ಮೀಸೆ ಎಳೆಯುವ ಕುಂಚ ಸ್ವಲ್ಪ ಜಾರಿದರೆ ಸಾಕು, ಮಾವಳೆ ಜೀವಮಾನವಿಡೀ ಆಶ್ಚರ್ಯಪಡುತ್ತಲೇ ಕಾವಲು ಕಾಯುತ್ತಾನೆ.

ಇದೇ ಪ್ಲಾಸ್ಟರಿನಲ್ಲಿ ಹೊರದೇಶದ ಬೆಳೆದ ಗಂಡಸರು ನೆಲಮಾಳಿಗೆ ಕಟ್ಟುತ್ತಾರೆ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ವೀರರು ಮೇಜಿನ ಮೇಲಿನ ಕತ್ತಲ ಓಣಿಗಳಲ್ಲಿ ರಾಕ್ಷಸರನ್ನು ಹುಡುಕಿಕೊಂಡು ಹೋಗುತ್ತಾರೆ. ಆ ಓಣಿಗಳನ್ನು ಕಟ್ಟಲು ಕಿರುಬೆರಳ ಉಗುರಿನಷ್ಟು ಇಟ್ಟಿಗೆಗಳನ್ನು ಸಿಲಿಕೋನ್ ರಬ್ಬರಿನ ಅಚ್ಚಿನಲ್ಲಿ ಹೊಯ್ದು, ಒಣಗಿಸಿ, ಅಂಟಿನಿಂದ ಜೋಡಿಸುವುದು ದೊಡ್ಡ ಹವ್ಯಾಸ. ಗಾರೆ ಕೆಲಸಕ್ಕೆ ಕೂಲಿ ಕೇಳದೆ ತಿಂಗಳುಗಟ್ಟಲೆ ದುಡಿಯುವ ಜನ ಬೇರೆಲ್ಲೂ ಸಿಗಲಾರರು. ಬಣ್ಣದ ಕ್ರಮವೂ ಪಕ್ಕಾ: ಮೊದಲು ಪೂರ್ತಿ ಕಪ್ಪು ಅಥವಾ ಗಾಢ ಬೂದು, ಮೇಲೆ ನೀರಾದ ಕಂದು ಬಣ್ಣ ಹರಿಸಿದರೆ ಸಂದುಗಳಲ್ಲಿ ನಿಂತು ಕೊಳೆಯಾಗುತ್ತದೆ, ಕೊನೆಗೆ ಕುಂಚದ ತಿಳಿ ಬೂದನ್ನು ಬಟ್ಟೆಗೆ ಒರೆಸಿ, ಉಳಿದದ್ದನ್ನು ಅಂಚುಗಳಿಗೆ ಸವರಿದರೆ ಬೆಳಿಗ್ಗೆ ಹೊಯ್ದ ಕಲ್ಲು ಸಂಜೆಗೆ ಮುನ್ನೂರು ವರ್ಷ ಹಳೆಯದು. ಬೆಳಗಾವಿಯ ಹುಡುಗರು ಇಷ್ಟು ಶ್ರಮಪಡುವುದಿಲ್ಲ. ಒಂದು ಮಳೆ ಬಂದರೆ ಅವರ ಕೋಟೆಗೆ ಆ ವಯಸ್ಸು ಪುಕ್ಕಟೆ ಬರುತ್ತದೆ.

ಎರಡೂ ಕಡೆಯ ನಿಜವಾದ ಭೇದ ಅಳತೆಯದು. ಆ ಮೇಜಿನಾಟದಲ್ಲಿ ಒಂದಿಂಚಿನ ಚೌಕ ಐದಡಿ ನೆಲಕ್ಕೆ ಸಮ. ಆಳು ಸುಮಾರು 28 ಮಿಲಿಮೀಟರ್. ಬಾಗಿಲು ಅದಕ್ಕೆ ತಕ್ಕಂತೆ. ಕಿಲ್ಲೆಯಲ್ಲಿ ಎತ್ತರ ನಿರ್ಧರಿಸುವುದು ಪದವಿ ಮತ್ತು ಅಂಗಡಿಯ ಬೆಲೆ. ಸಿಂಹಾಸನದ ಮಹಾರಾಜ ಅರಮನೆಗಿಂತ ದೊಡ್ಡವ, ದ್ವಾರಪಾಲಕ ದ್ವಾರದಲ್ಲಿ ಹಿಡಿಸದವ, ಹುಲಿ ಆನೆಯ ಸಮ. ನಡುವೆ ತಮ್ಮನ ಪ್ಲಾಸ್ಟಿಕ್ ಟ್ರ್ಯಾಕ್ಟರೂ ನಿಂತಿರುತ್ತದೆ. ತೆಗೆದರೆ ಅವನು ಅಳುತ್ತಾನೆ. “ಇಷ್ಟ ದೊಡ್ಡ ಮನಷ್ಯಾ ಆ ಬಾಗಲದಾಗ ಹೆಂಗ ಹೋಗತಾನೋ?” ಎಂದು ಅಜ್ಜಿಯಾದವಳು ಕೇಳಿದರೆ, “ಅಂವ ಒಳಗ ಹೋಗಾಂವಲ್ಲ ಆಯಿ, ಕಾಯಾಂವ” ಎಂಬ ಉತ್ತರ ತಯಾರಿರುತ್ತದೆ. ತರ್ಕದಲ್ಲಿ ದೋಷ ಹುಡುಕುವುದು ಕಷ್ಟ.

ಶತ್ರುಗಳಲ್ಲಿ ಮುಖ್ಯವಾದವು ಬೆಕ್ಕು, ನಾಯಿ, ಹಿಂಗಾರು ಮಳೆ. ತಂಪಾದ ಮಣ್ಣು ಕಂಡ ನಾಯಿ ರಾಯಗಡದ ಮೇಲೆ ಮಲಗಿದರೆ ಮಾವಳೆಯರಿಂದ ಪ್ರತಿರೋಧ ಬರುವುದಿಲ್ಲ. ಇಷ್ಟಾಗಿಯೂ ಉಳಿದ ಕೋಟೆಯನ್ನು ಹಬ್ಬ ಮುಗಿದ ಮೇಲೆ ಕಟ್ಟಿದವರೇ ಬುಡದಲ್ಲಿ ಸುತಳಿ ಬಾಂಬ್ ಹೂಳಿ ಹಾರಿಸುವುದುಂಟು. ಸ್ಫೋಟಕ್ಕೆ ಮುನ್ನ ಸೈನ್ಯವನ್ನು ಎತ್ತಿ ಹಳೆಯ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕುತ್ತಾರೆ. ಪ್ಲಾಸ್ಟರಿಗೆ ತೇವ ಆಗದು, ಆದ್ದರಿಂದ ಡಬ್ಬಿ ಅಟ್ಟಕ್ಕೇರುತ್ತದೆ. ಕೈ ಮುರಿದವರಿಗೂ ನಿವೃತ್ತಿಯಿಲ್ಲ. ಮುಂದಿನ ವರ್ಷ ಅವರನ್ನು ಬುರುಜಿನ ಹಿಂದೆ, ಭುಜದಿಂದ ಮೇಲೆ ಮಾತ್ರ ಕಾಣುವಂತೆ ನಿಲ್ಲಿಸಲಾಗುತ್ತದೆ.