ವಸೂಲಿ ಭಾವ

ಬಂಡೀಪುರದ ಗೇಟು ತೆಗೆಯುವುದು ಬೆಳಗ್ಗೆ ಆರಕ್ಕೆ. ನಮ್ಮ ಕಾರು ಐದೂಕಾಲಿಗೇ ಅದರ ಮುಂದೆ ನಿಂತಿತ್ತು. "ದಿನದ ಬಾಡಿಗೆ ಕೊಟ್ಟಿದೀವಿ. ದಿನ ಪೂರ್ತಿ ಆಗ್ಬೇಕಲ್ಲ?" ಎಂದರು ಭಾವ. ಹಿಂದಿನ ಸೀಟಿನಲ್ಲಿ ಮಕ್ಕಳು ಒಂದರ ಮೇಲೊಂದು ಬಿದ್ದು ಗೊರಕೆ ಹೊಡೆಯುತ್ತಿದ್ದವು. ಅಕ್ಕ ಕಣ್ಣು ಮುಚ್ಚಿಕೊಂಡೇ ಫ್ಲಾಸ್ಕ್ ಚಾಚಿದಳು.

ಭಾವ ಜಿಪುಣರೇ ಎಂದು ಕೇಳಿದರೆ ಖಂಡಿತ ಇಲ್ಲ. ಜಿಪುಣ ಖರ್ಚೇ ಮಾಡುವುದಿಲ್ಲ. ಇವರು ಧಾರಾಳವಾಗಿ ಖರ್ಚು ಮಾಡಿ, ಆಮೇಲೆ ಅದರ ಬೆನ್ನು ಹತ್ತುತ್ತಾರೆ. ಬಫೆಯಲ್ಲಿ ಅನ್ನ ಮುಟ್ಟರು, ಸುಮ್ಮನೆ ಹೊಟ್ಟೆಯ ಜಾಗ ತಿನ್ನುತ್ತದೆಂದು. ಎಷ್ಟು ಕೊಟ್ಟೆವು, ಎಷ್ಟು ಬಂತು ಎಂಬ ಭಾಗಾಕಾರ ಮುಗಿಯುವವರೆಗೆ ಅವರಿಗೆ ಯಾವ ಸುಖವೂ ಮೈಗೆ ಹತ್ತುವುದಿಲ್ಲ. ನಿಮ್ಮ ಮನೆಯಲ್ಲೂ ಒಬ್ಬರಿರಬಹುದು; ಇಲ್ಲ ಅನ್ನಿಸಿದರೆ ಸ್ವಲ್ಪ ಅನುಮಾನದಿಂದ ಕನ್ನಡಿ ನೋಡಿಕೊಳ್ಳಿ.

ನೀಲಗಿರಿಗೆ ಹೋಗುವ ವಾಹನಕ್ಕೆ ಈಗ ಇ-ಪಾಸ್ ಬೇಕು. ಅದಕ್ಕೆ ದುಡ್ಡಿಲ್ಲ ಎಂದು ಗೊತ್ತಾದ ದಿನ ಭಾವ ಎರಡು ಪ್ರಿಂಟ್ ತೆಗೆಸಿದ್ದರು. ಮಸಿನಗುಡಿ ದಾಟಿ ಕಲ್ಹಟ್ಟಿ ಘಾಟಿ ಹತ್ತುವಾಗ 36 ತಿರುವುಗಳನ್ನೂ ಬೆರಳು ಮಡಚಿ ಎಣಿಸತೊಡಗಿದರು. ನಡುವೆ ಮಗಳು ವಾಂತಿ ಮಾಡಿಕೊಂಡದ್ದರಿಂದ ಲೆಕ್ಕ 34ಕ್ಕೇ ನಿಂತಿತು. ಆ ಎರಡು ತಿರುವುಗಳ ಬಾಕಿ ಊಟಿಯವರೆಗೂ ಮುಖದ ಮೇಲೆ ಕಾಣುತ್ತಿತ್ತು.

ಊಟಿಯ ಕೆರೆಯನ್ನು ಕಟ್ಟಿಸಿದವನು ಜಾನ್ ಸಲಿವನ್ ಎಂಬ ಕಲೆಕ್ಟರ್, 1824ರಲ್ಲಿ. ಆಗ ಕೆರೆ ಇನ್ನೂ ದೊಡ್ಡದಿತ್ತು. ಬರಬರುತ್ತಾ ಕುಗ್ಗಿ, ಬಿಟ್ಟುಕೊಟ್ಟ ಜಾಗದಲ್ಲಿ ಬಸ್ ನಿಲ್ದಾಣ, ಕುದುರೆ ರೇಸಿನ ಮೈದಾನ ಬಂದವು. ಇದನ್ನು ನಾನು ಬಾಯಿ ತಪ್ಪಿ ಹೇಳಿಬಿಟ್ಟೆ. ಭಾವ ಬಸ್ ಸ್ಟ್ಯಾಂಡಿನ ಮುಂದೆಯೇ ಕಾರು ನಿಲ್ಲಿಸಿ ಎಲ್ಲರನ್ನೂ ಇಳಿಸಿದರು. "ನೋಡ್ಕೊಳ್ಳಿ, ಇದೂ ಕೆರೇನೇ. ಟಿಕೆಟ್ಟಿಲ್ಲ."

ಮಕ್ಕಳ ಕಣ್ಣೀರಿಗೆ ಬೆಲೆ ಕಟ್ಟಲಾಗದೆ ಕೊನೆಗೂ ಬೋಟ್ ಹೌಸಿಗೆ ಬಂದೆವು. ಪ್ರವೇಶಕ್ಕೆ ಬೇರೆ, ದೋಣಿಗೆ ಬೇರೆ, ಕುದುರೆಗೆ ಬೇರೆ. ಒಂದೊಂದು ಕಿಂಡಿಯ ಮುಂದೆಯೂ ಭಾವ ಒಂದೊಂದು ಇಂಚು ಕುಗ್ಗುತ್ತಾ ಹೋದರು. ಪೆಡಲ್ ದೋಣಿ ನೋಡಿ, "ದುಡ್ಡೂ ನಾವೇ ಕೊಟ್ಟು, ತುಳಿಯೋದೂ ನಾವೇನಾ?" ಎಂದರು. ಮೋಟಾರು ದೋಣಿಯಾದರೆ ಬೇಗ ಮುಗಿದುಹೋಗುತ್ತದೆ. ಹುಟ್ಟು ಹಾಕುವ ದೋಣಿಯೇ ವಾಸಿ, ಅದೂ ವಯಸ್ಸಾದ ಅಂಬಿಗನೇ ಸಿಗಲೆಂದು ಕಾದರು. ಈ ಪಂಚಾಯಿತಿ ನಡೆಯುತ್ತಿದ್ದಾಗ ಅಕ್ಕ ದಂಡೆಯ ಮೇಲೆ ಕೂತು, ನೀಲಗಿರಿ ಮರಗಳ ನೆರಳು ನೀರಿನಲ್ಲಿ ಅಲ್ಲಾಡುವುದನ್ನು ನೋಡುತ್ತಾ ಅರ್ಧ ಪೊಟ್ಟಣ ವರ್ಕಿ ಮುಗಿಸಿದ್ದಳು.

ದೊಡ್ಡಬೆಟ್ಟದಲ್ಲಿ, 2,637 ಮೀಟರ್ ಎತ್ತರದಲ್ಲಿ, "ಹೆಸರು ಕನ್ನಡದಲ್ಲೇ ಇದೆ, ನಮಗೇನೂ ರಿಯಾಯಿತಿ ಇಲ್ವಾ?" ಎಂದು ವಿಚಾರಿಸಿದರು. ಅದು ಬಡಗರ ಮಾತೂ ಹೌದು ಎಂದು ನಾನು ಪಿಸುಗುಟ್ಟಬೇಕಾಯಿತು. ಫರ್ನ್‌ಹಿಲ್‌ನಲ್ಲಿ ಕರ್ನಾಟಕ ಸರ್ಕಾರದ್ದೇ ಒಂದು ಉದ್ಯಾನ ಇದೆಯೆಂದು ತಿಳಿದಾಗ ಮಾತ್ರ ಮುಖ ಅರಳಿತು. "ನಮ್ಮ ತೆರಿಗೆ!" ಎನ್ನುತ್ತಾ ಸಿಕ್ಕಿದ ಬೆಂಚಿನ ಮೇಲೆಲ್ಲ ಒಂದೊಂದು ಸಲ ಕೂತು ಎದ್ದರು.

ಮರುದಿನ ಕಾರನ್ನು ಮುಂದೆ ಕಳಿಸಿ, ನಾವು ಪುಟ್ಟ ರೈಲಿನಲ್ಲಿ ಮೇಟ್ಟುಪಾಳಯಕ್ಕೆ ಇಳಿದೆವು. 46 ಕಿ.ಮೀ. ದಾರಿ. ಕೂನೂರಿನಿಂದ ಕಲ್ಲಾರಿನವರೆಗೆ ಹಳಿಗಳ ನಡುವೆ ಹಲ್ಲಿನ ಪಟ್ಟಿ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡೇ ಸಾಗುತ್ತದೆ. ಮಕ್ಕಳು ಕಿಟಕಿಯಿಂದ ಕಣಿವೆ ನೋಡಿ ಕಿರುಚಿದರು. ಭಾವ ಗಡಿಯಾರ ನೋಡಿ ನಿಟ್ಟುಸಿರಿಟ್ಟರು. ಈ ರೈಲು ಬೆಟ್ಟ ಹತ್ತಲು ಐದು ಗಂಟೆಯ ಹತ್ತಿರ ಹತ್ತಿರ ತೆಗೆದುಕೊಳ್ಳುತ್ತದೆ, ಇಳಿಯಲು ಮೂರೂವರೆ. "ಅದೇ ದೂರ, ಅದೇ ದುಡ್ಡು. ಒಂದೂವರೆ ಗಂಟೆ ಕಮ್ಮಿ ಕೂರಿಸ್ತಾರೆ. ಹತ್ತೋವಾಗ ಬರಬೇಕಿತ್ತು."

ಬೆಟ್ಟದ ಬುಡದಲ್ಲಿ ಬ್ಲ್ಯಾಕ್ ಥಂಡರ್ ಎಂಬ ನೀರಾಟದ ಉದ್ಯಾನ. ಸ್ವೆಟರ್ ಬಿಚ್ಚಿದ ಮೈಗೆ ಬಯಲಿನ ಬಿಸಿಲು. ಒಂದು ಟಿಕೆಟ್ ಕೊಂಡರೆ ಒಳಗಿನ ಆಟಗಳನ್ನು ಎಷ್ಟು ಸಲವಾದರೂ ಆಡಬಹುದು ಎಂದು ಯಾರೋ ಹೇಳಿದ್ದೇ ತಡ, ಭಾವನ ಬೆನ್ನು ನೆಟ್ಟಗಾಯಿತು. ಅಲ್ಲಿಯವರೆಗೆ ಕುಗ್ಗಿದ್ದ ಇಂಚುಗಳೆಲ್ಲ ಒಟ್ಟಿಗೆ ವಾಪಸು ಬಂದವು. ರಾಟವಾಳ ಕಂಡರೆ ತಲೆ ತಿರುಗುವ ಐವತ್ತೆರಡರ ಮನುಷ್ಯ, ಬರ್ಮುಡಾ ಏರಿಸಿ, ಜನಿವಾರ ಕಿವಿಗೆ ಸಿಕ್ಕಿಸಿ ಜಾರುಬಂಡಿಯ ಮೆಟ್ಟಿಲು ಹತ್ತಿದರು. ಬಿದ್ದರು. ಎದ್ದರು. "ಐದಾಯ್ತು!" ಎಂದು ಕೂಗಿದರು. ಏಳನೆಯ ಸಲ ಅವರ ಮುಖ ಹಸಿರಾಗಿತ್ತು. ಸಾಕು ಬನ್ನಿ ಎಂದೆ. ನೀರಿಗಿಳಿಯದೆ ಎಲ್ಲರ ಚಪ್ಪಲಿ ಕಾಯುತ್ತಿದ್ದ ಅಕ್ಕನತ್ತ ಕೈ ತೋರಿಸಿ, "ಅವಳ ಟಿಕೆಟ್ಟಿಂದು ಬಾಕಿ ಇದೆ" ಎಂದು ಮತ್ತೆ ಹತ್ತಿದರು.

ರಾತ್ರಿ ಬೆನ್ನಿಗೆ ಮುಲಾಮು ಹಚ್ಚಿಸಿಕೊಳ್ಳುತ್ತಾ ಬೋರಲು ಮಲಗಿಯೇ ಭಾಗಾಕಾರ ಮಾಡಿದರು. ತೃಪ್ತಿಕರ ಉತ್ತರ ಬಂದಿರಬೇಕು, ನಕ್ಕರು. ಮುಲಾಮಿನ ಬೆಲೆಯನ್ನು ಯಾರೂ ಎತ್ತಲಿಲ್ಲ.

ಮುಂದಿನ ಬೇಸಿಗೆಗೆ ಕೊಡೈಕೆನಾಲ್ ಅಂತೆ. ಅಲ್ಲೂ ಕೆರೆಯಿದೆ, ಸುತ್ತಲಿನ ರಸ್ತೆ ಸುಮಾರು 5 ಕಿ.ಮೀ. ಆ ರಸ್ತೆಯಲ್ಲಿ ನಡೆಯಲು ಟಿಕೆಟ್ಟಿಲ್ಲ ಎಂಬುದು ಭಾವನವರಿಗೆ ಈಗಾಗಲೇ ಗೊತ್ತಾಗಿದೆ. ನಾನು ಹೊಸ ಶೂ ಕೊಂಡಿಟ್ಟಿದ್ದೇನೆ.